ಕ್ಷೌರದಂಗಡಿ ಹಾಗೂ ಬ್ಯೂಟಿ ಪಾರ್ಲರ್‌ಗಳಲ್ಲಿ ಗ್ರಾಹಕ ಸೇವೆಯ ಗುಣಮಟ್ಟ ಸುಧಾರಣೆ: ಉಳವಿ ಹೋಬಳಿಯ ಸೇವಾದಾರರಿಗೆ ಮತ್ತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಉಳವಿಯು ಹೋಬಳಿ ಕೇಂದ್ರವಾಗಿದ್ದು, ಸುತ್ತಲಿನ ಗ್ರಾಮಗಳ ಜನರು ನಾಡಕಚೇರಿ, ಬ್ಯಾಂಕು ಮತ್ತು ಅಂಗಡಿಗಳ ಕೆಲಸಕ್ಕಾಗಿ ಇಲ್ಲಿಗೆ ಬರುತ್ತಾರೆ. ಇಂತಹ ಹೋಬಳಿ ಕೇಂದ್ರಗಳಲ್ಲಿ ಕ್ಷೌರ ಮತ್ತು ಸೌಂದರ್ಯ ಸೇವೆಯು ಬಹುತೇಕ ಒಬ್ಬರು ಅಥವಾ ಇಬ್ಬರು ನಡೆಸುವ ಸಣ್ಣ ಮಳಿಗೆಗಳಲ್ಲಿ, ಮಹಿಳೆಯರ ವಿಷಯದಲ್ಲಿ ಮನೆಯ ಒಂದು ಕೋಣೆಯಲ್ಲಿಯೂ ದೊರೆಯುತ್ತದೆ. ಬಂಡವಾಳ ಅಲ್ಪವಾದರೂ ಈ ಸೇವೆಯ ಹೊಣೆ ಅಲ್ಪವಲ್ಲ. ಚರ್ಮಕ್ಕೆ ಹರಿತವಾದ ಲೋಹ ತಾಗಿಸುವ, ರಾಸಾಯನಿಕ ಲೇಪಿಸುವ, ಕುತ್ತಿಗೆ ಮತ್ತು ತಲೆಯನ್ನು ಮತ್ತೊಬ್ಬರ ಕೈಗೆ ಒಪ್ಪಿಸುವ ವೃತ್ತಿ ಇದಾಗಿದೆ. ಗ್ರಾಹಕರ ಆರೋಗ್ಯವೂ ಸೇವಾದಾರರ ಜೀವನೋಪಾಯವೂ ಇಲ್ಲಿನ ಗುಣಮಟ್ಟವನ್ನೇ ಅವಲಂಬಿಸಿವೆ.

ಸೇವೆಯ ಗುಣಮಟ್ಟವನ್ನು ಉತ್ತಮಪಡಿಸುವ ಕ್ರಮಗಳು, ಅದಕ್ಕೆ ಲಭ್ಯವಿರುವ ತರಬೇತಿ ಮತ್ತು ಆರ್ಥಿಕ ನೆರವು, ಅರ್ಜಿ ಸಲ್ಲಿಸುವ ವಿಧಾನ ಹಾಗೂ ಗ್ರಾಹಕರ ಹಕ್ಕುಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಸೇವೆಗೆ ಮುನ್ನ ವಿಚಾರಣೆ

ಉತ್ತಮ ಸೇವೆಯು ಕತ್ತರಿ ಹಿಡಿಯುವುದಕ್ಕಿಂತ ಮೊದಲೇ, ಮಾತಿನಿಂದ ಆರಂಭವಾಗುತ್ತದೆ. ಗ್ರಾಹಕರು ಕುಳಿತ ಕೂಡಲೇ ಈ ಕೆಳಕಂಡ ವಿಷಯಗಳನ್ನು ವಿಚಾರಿಸುವುದು ಅವಶ್ಯಕ.

- ಕೂದಲು ಎಷ್ಟು ಗಿಡ್ಡವಾಗಬೇಕು, ಯಾವ ಮಾದರಿ ಬೇಕು ಎಂಬುದನ್ನು ಕೇಳಿ, ಕೇಳಿದ್ದನ್ನು ಒಮ್ಮೆ ಹೇಳಿ ಖಚಿತಪಡಿಸಿಕೊಳ್ಳುವುದು.
- ಹಿಂದೆ ಯಾವುದಾದರೂ ಬಣ್ಣ, ಕ್ರೀಮು ಅಥವಾ ಬ್ಲೀಚಿನಿಂದ ತುರಿಕೆ, ಊತ ಉಂಟಾಗಿತ್ತೇ ಎಂಬುದನ್ನು ತಿಳಿಯುವುದು.
- ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಗರ್ಭಾವಸ್ಥೆ, ಕುತ್ತಿಗೆ ನೋವು ಇದ್ದಲ್ಲಿ ತಿಳಿಸುವಂತೆ ಕೋರುವುದು.
- ಸೇವೆಯ ದರವನ್ನು ಮೊದಲೇ ಹೇಳುವುದು. ಕೆಲಸದ ಮಧ್ಯದಲ್ಲಿ ಹೆಚ್ಚುವರಿ ಸೇವೆ ಸೇರಿಸುವುದಾದರೆ ಮತ್ತೊಮ್ಮೆ ಒಪ್ಪಿಗೆ ಪಡೆಯುವುದು.

ದರಪಟ್ಟಿಯನ್ನು ಕನ್ನಡದಲ್ಲಿ ಬರೆದು, ಒಳಬಂದವರಿಗೆ ಕಾಣುವಂತೆ ತೂಗುಹಾಕಿದರೆ ದರದ ಕುರಿತ ಬಹುತೇಕ ತಕರಾರುಗಳು ಉದ್ಭವಿಸುವುದೇ ಇಲ್ಲ. ಬಣ್ಣ ಹಾಕಿಸಿಕೊಳ್ಳುವ ಗ್ರಾಹಕರ ಹೆಸರು, ಬಳಸಿದ ಉತ್ಪನ್ನ ಮತ್ತು ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ಮುಂದಿನ ಬಾರಿ ಅದೇ ಫಲಿತಾಂಶ ನೀಡಲು, ತೊಂದರೆಯಾದಲ್ಲಿ ವೈದ್ಯರಿಗೆ ಮಾಹಿತಿ ಒದಗಿಸಲು ಅನುಕೂಲವಾಗುತ್ತದೆ.

2. ಉಪಕರಣಗಳ ಶುಚಿತ್ವ

ಕ್ಷೌರದ ವೇಳೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯಗಳು ಆಗುತ್ತವೆ. ಒಬ್ಬರ ರಕ್ತದ ಸೂಕ್ಷ್ಮ ಅಂಶ ಉಪಕರಣದ ಮೂಲಕ ಮತ್ತೊಬ್ಬರ ಗಾಯಕ್ಕೆ ತಲುಪಿದಲ್ಲಿ ರೋಗ ಹರಡುವ ಸಂಭವವಿರುತ್ತದೆ. ಸಾರ್ವಜನಿಕರಲ್ಲಿ ಎಚ್‌ಐವಿ ಕುರಿತ ಭಯವೇ ಹೆಚ್ಚು. ಆದರೆ ಕ್ಷೌರದಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಎಚ್ಚರ ವಹಿಸಬೇಕಾದುದು ಹೆಪಟೈಟಿಸ್ ಬಿ ವೈರಾಣುವಿನ ಬಗ್ಗೆ. ಈ ವೈರಾಣು ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿಯೂ ಕನಿಷ್ಠ 7 ದಿನ ಸೋಂಕು ತಗುಲಿಸುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಸೋಂಕಿತರಲ್ಲಿ ಅನೇಕರಿಗೆ ಯಾವ ಲಕ್ಷಣವೂ ಕಾಣದಿರುವುದರಿಂದ, ನೋಡಿ ಗುರುತಿಸುವುದು ಸಾಧ್ಯವಿಲ್ಲ. ಆದ್ದರಿಂದ ಯಾರಿಗೆ ರೋಗವಿದೆ ಎಂದು ಊಹಿಸುವ ಬದಲು ಪ್ರತಿಯೊಬ್ಬ ಗ್ರಾಹಕರಿಗೂ ಒಂದೇ ಬಗೆಯ ಎಚ್ಚರಿಕೆ ವಹಿಸುವುದೇ ಸರಿಯಾದ ಕ್ರಮ.

ಬ್ಲೇಡು: ಪ್ರತಿ ಗ್ರಾಹಕರಿಗೂ ಹೊಸ ಬ್ಲೇಡನ್ನು ಅವರ ಎದುರಿನಲ್ಲಿಯೇ ತೆಗೆದು ಹಾಕಬೇಕು. ಒಂದೇ ಬ್ಲೇಡಿನ ಎರಡು ತುಂಡುಗಳನ್ನು ಇಬ್ಬರಿಗೆ ಬಳಸುವ ಪಕ್ಷದಲ್ಲಿ ಬಳಸಿದ ತುಂಡು ಬಳಸದ ತುಂಡಿನೊಡನೆ ಬೆರೆಯದಂತೆ ನೋಡಿಕೊಳ್ಳಬೇಕು. ಬ್ಲೇಡು ಹೊಸದಾದರೂ ಅದನ್ನು ಹಿಡಿದಿರುವ ರೇಜರಿನ ಹಿಡಿಯಲ್ಲಿ ಹಳೆಯ ನೊರೆ, ಕೂದಲು ಉಳಿದಿದ್ದರೆ ಪ್ರಯೋಜನವಿಲ್ಲ.

ಪಟಿಕ: ಕ್ಷೌರದ ನಂತರ ಒಂದೇ ಪಟಿಕದ ತುಂಡನ್ನು ಎಲ್ಲರ ಮುಖಕ್ಕೂ ಉಜ್ಜುವ ರೂಢಿ ವ್ಯಾಪಕವಾಗಿದೆ. ಬ್ಲೇಡು ಬದಲಿಸಿಯೂ ಪಟಿಕವನ್ನು ಬದಲಿಸದಿದ್ದಲ್ಲಿ, ಈಗಷ್ಟೇ ಗಾಯವಾದ ಜಾಗಕ್ಕೇ ಮತ್ತೊಬ್ಬರ ರಕ್ತದ ಅಂಶ ತಾಗಿದಂತಾಗುತ್ತದೆ. ಪಟಿಕವನ್ನು ಪುಡಿಮಾಡಿ ನೀರಿನಲ್ಲಿ ಕರಗಿಸಿ, ಪ್ರತಿ ಬಾರಿಯೂ ಹೊಸ ಹತ್ತಿಯಿಂದ ಹಚ್ಚುವುದು ಖರ್ಚಿಲ್ಲದ ಪರಿಹಾರ.

ಲೋಹದ ಉಪಕರಣ: ಕತ್ತರಿ, ಚಿಮಟ, ಉಗುರು ಕತ್ತರಿಗಳನ್ನು ಮೊದಲು ಸೋಪು ನೀರಿನಿಂದ ಉಜ್ಜಿ ತೊಳೆಯಬೇಕು. ಕೊಳೆ ಉಳಿದಿದ್ದರೆ ಅದರ ಮರೆಯಲ್ಲಿ ರೋಗಾಣು ಉಳಿಯುತ್ತದೆ. ತೊಳೆದ ಮೇಲೆ ನೀರು ಕುದಿಯಲಾರಂಭಿಸಿದ ನಂತರ 20 ನಿಮಿಷ ಕುದಿಸಬೇಕು. ಎರಡು ಜೊತೆ ಉಪಕರಣಗಳಿದ್ದಲ್ಲಿ ಒಂದು ಕುದಿಯುವಾಗ ಮತ್ತೊಂದನ್ನು ಬಳಸಬಹುದು. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಮಲೆನಾಡಿನ ಊರುಗಳಿಗೆ ಒಲೆಯ ಮೇಲೆ ಕುದಿಸುವ ಈ ವಿಧಾನವು ವಿದ್ಯುತ್ ಪೆಟ್ಟಿಗೆಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಟ್ರಿಮ್ಮರ್: ಕುದಿಸಲಾಗದ ಟ್ರಿಮ್ಮರಿನ ಹಲ್ಲುಗಳನ್ನು ಬ್ರಷ್‌ನಿಂದ ಸ್ವಚ್ಛಗೊಳಿಸಿ, ಶೇ. 70ರ ಸ್ಪಿರಿಟ್‌ನಿಂದ ಒರೆಸಿ, ಆರಲು ಬಿಡಬೇಕು.

ರಕ್ತ ಚೆಲ್ಲಿದ ಜಾಗ: ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿದ ದ್ರಾವಣವನ್ನು 10 ನಿಮಿಷ ಬಿಟ್ಟು ಒರೆಸಬೇಕು. ದ್ರಾವಣವನ್ನು ದಿನವೂ ಹೊಸದಾಗಿ ತಯಾರಿಸಬೇಕು. ಇದು ಲೋಹಕ್ಕೆ ತುಕ್ಕು ಹಿಡಿಸುವುದರಿಂದ ಕತ್ತರಿಗಳಿಗೆ ಸೂಕ್ತವಲ್ಲ.

ಟವೆಲ್ ಮತ್ತು ಹೊದಿಕೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಬಟ್ಟೆ ಒಣಗುವುದೇ ಕಷ್ಟ. ತೇವದ ಟವೆಲ್‌ನಿಂದ ಹುಳುಕಡ್ಡಿಯಂತಹ ಶಿಲೀಂಧ್ರ ಸೋಂಕು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಒಬ್ಬರಿಗೆ ಬಳಸಿದ ಟವೆಲ್ ಅನ್ನು ಒಗೆಯದೆ ಮತ್ತೊಬ್ಬರಿಗೆ ಬಳಸಬಾರದು. ಮಳೆಗಾಲದಲ್ಲಿ ಹೆಚ್ಚುವರಿ ಟವೆಲ್ ಇಟ್ಟುಕೊಳ್ಳುವುದು ಅಥವಾ ಗ್ರಾಹಕರೇ ತಮ್ಮ ಟವೆಲ್ ತರುವಂತೆ ಕೋರುವುದು ಉತ್ತಮ. ಹೊದಿಕೆಯು ಕುತ್ತಿಗೆಗೆ ನೇರವಾಗಿ ತಾಗದಂತೆ ಕಾಗದದ ಪಟ್ಟಿ ಸುತ್ತಬೇಕು.

ಥ್ರೆಡಿಂಗ್ ಮತ್ತು ವ್ಯಾಕ್ಸಿಂಗ್: ಹುಬ್ಬು ತಿದ್ದುವಾಗ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಬದಲು ಕುತ್ತಿಗೆಗೆ ಕಟ್ಟಿಕೊಳ್ಳುವ ವಿಧಾನವನ್ನು ಅನುಸರಿಸಬೇಕು. ದಾರವನ್ನು ಪ್ರತಿ ಗ್ರಾಹಕರಿಗೂ ಬದಲಿಸಬೇಕು. ಚರ್ಮಕ್ಕೆ ತಾಗಿದ ಕಡ್ಡಿಯನ್ನು ಮತ್ತೆ ವ್ಯಾಕ್ಸ್ ಪಾತ್ರೆಗೆ ಅದ್ದಬಾರದು.

ಬಳಸಿದ ಬ್ಲೇಡುಗಳನ್ನು ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಂಗ್ರಹಿಸಿ, ಮುಚ್ಚಳ ಭದ್ರಪಡಿಸಿ, ಗ್ರಾಮ ಪಂಚಾಯಿತಿಯ ಕಸದ ವಾಹನಕ್ಕೆ ಪ್ರತ್ಯೇಕವಾಗಿ ನೀಡಬೇಕು. ಕಸ ವಿಂಗಡಿಸುವವರ ಕೈಗೆ ಗಾಯವಾಗದಂತೆ ನೋಡಿಕೊಳ್ಳುವುದೂ ಸೇವಾದಾರರ ಹೊಣೆ. ವಯಸ್ಕರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಸಾಮಾನ್ಯವಾಗಿ 0, 1 ಮತ್ತು 6ನೇ ತಿಂಗಳಿನಲ್ಲಿ ಮೂರು ಬಾರಿ ನೀಡಲಾಗುತ್ತದೆ. ಈ ವೃತ್ತಿಯಲ್ಲಿರುವವರು ವೈದ್ಯರ ಸಲಹೆ ಪಡೆದು ಲಸಿಕೆ ಹಾಕಿಸಿಕೊಳ್ಳುವುದು ಅವರ ಸ್ವಂತ ರಕ್ಷಣೆಗೂ ಅಗತ್ಯ.

3. ಅಪಾಯಕರ ರೂಢಿಗಳು

ಕುತ್ತಿಗೆ ಲಟಿಕೆ: ಕ್ಷೌರದ ಕೊನೆಯಲ್ಲಿ ತಲೆಯನ್ನು ಹಿಡಿದು ಒಮ್ಮೆಲೇ ತಿರುಗಿಸಿ ಲಟಿಕೆ ತೆಗೆಯುವುದನ್ನು ಅನೇಕ ಗ್ರಾಹಕರು ತಾವಾಗಿಯೇ ಕೇಳುತ್ತಾರೆ. 2024ರಲ್ಲಿ ಬಳ್ಳಾರಿಯಲ್ಲಿ ಹೀಗೆ ಕುತ್ತಿಗೆ ತಿರುಗಿಸಿಕೊಂಡ ಸುಮಾರು 30 ವರ್ಷದ ವ್ಯಕ್ತಿಯೊಬ್ಬರಿಗೆ ಪಾರ್ಶ್ವವಾಯು ಉಂಟಾದ ಪ್ರಕರಣ ವರದಿಯಾಯಿತು. ಕುತ್ತಿಗೆಯ ಮೂಲಕ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದಲ್ಲಿ ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ರಕ್ತದ ಪೂರೈಕೆ ನಿಲ್ಲುತ್ತದೆ. ಲಕ್ಷಣಗಳು ಕೂಡಲೇ ಕಾಣದೆ ಕೆಲವು ಗಂಟೆಗಳ ನಂತರವೂ ಕಾಣಬಹುದು. ಆದ್ದರಿಂದ ಗ್ರಾಹಕರು ಕೇಳಿದರೂ ಈ ಕ್ರಿಯೆಯನ್ನು ಮಾಡಕೂಡದು. ತಲೆ ತೊಳೆಯುವ ತೊಟ್ಟಿಯ ಅಂಚಿನ ಮೇಲೆ ಕುತ್ತಿಗೆಯನ್ನು ಬಹಳ ಹೊತ್ತು ಹಿಂದಕ್ಕೆ ಬಗ್ಗಿಸಿಡುವುದರಿಂದಲೂ ಇದೇ ಬಗೆಯ ಅಪಾಯ ಉಂಟಾಗಿರುವುದನ್ನು ವೈದ್ಯರು 1993ರಿಂದಲೂ ದಾಖಲಿಸಿದ್ದಾರೆ. ಕುತ್ತಿಗೆಯ ಕೆಳಗೆ ಮಡಿಸಿದ ಟವೆಲ್ ಇಡುವುದು, ಬೇಗ ಮುಗಿಸುವುದು ಮತ್ತು ವಯಸ್ಸಾದವರಿಗೆ ಮುಂದಕ್ಕೆ ಬಗ್ಗಿಸಿ ತೊಳೆಯುವುದು ಸುರಕ್ಷಿತ.

ತಲೆಸುತ್ತು, ಮಾತು ತೊದಲುವಿಕೆ, ಮುಖ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸ್ವಾಧೀನ ತಪ್ಪುವುದು ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚಿಕಿತ್ಸೆಯನ್ನು ಮೊದಲ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ದೂರದ ಆಸ್ಪತ್ರೆಯನ್ನು ತಲುಪಬೇಕಾದ ಗ್ರಾಮೀಣರಿಗೆ ಪ್ರತಿ ನಿಮಿಷವೂ ಮುಖ್ಯ.

ಕೂದಲಿನ ಬಣ್ಣ: ಅನೇಕ ಕಪ್ಪು ಬಣ್ಣಗಳಲ್ಲಿ ಪಿಪಿಡಿ ಎಂಬ ರಾಸಾಯನಿಕವಿದ್ದು, ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುತ್ತದೆ. ಬಣ್ಣ ಹಾಕುವ 48 ಗಂಟೆ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಮದುವೆಯ ಹಿಂದಿನ ದಿನ ಬರುವವರಿಗೆ ಈ ಪರೀಕ್ಷೆಗೆ ಸಮಯ ಸಿಗುವುದಿಲ್ಲ. ಆದ್ದರಿಂದ ಮದುವೆಯ ಅಲಂಕಾರಕ್ಕೆ ಮುಂಗಡ ಗೊತ್ತುಪಡಿಸಿಕೊಳ್ಳುವಾಗಲೇ ಪರೀಕ್ಷೆಯನ್ನು ಮಾಡುವುದು ಸೂಕ್ತ.

ಬಿಳುಪಿನ ಕ್ರೀಮು: ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಚರ್ಮ ಬೆಳ್ಳಗಾಗಿಸುವ ಕ್ರೀಮುಗಳನ್ನು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಪತ್ತೆಯಾಯಿತು. ಇದಕ್ಕೆ ಪಾದರಸ ಕಾರಣವೆಂದು ವೈದ್ಯರು ಗುರುತಿಸಿದರು. 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳ ಪ್ರಕಾರ ಕಣ್ಣಿನ ಭಾಗಕ್ಕೆ ಬಳಸುವವುಗಳನ್ನು ಹೊರತುಪಡಿಸಿ ಉಳಿದ ಉತ್ಪನ್ನಗಳಲ್ಲಿ ಉದ್ದೇಶಪೂರ್ವಕವಲ್ಲದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಪಾಲನ್ನು ಮೀರಬಾರದು. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಕೊನೆಯ ದಿನಾಂಕ ಇಲ್ಲದ ಕ್ರೀಮುಗಳನ್ನು ಖರೀದಿಸಬಾರದು, ಬಳಸಬಾರದು.

4. ಗೌರವ, ಸಮಾನತೆ ಮತ್ತು ಖಾಸಗಿತನ

ಜಾತಿಯ ಕಾರಣದಿಂದ ಯಾರಿಗೂ ಕ್ಷೌರ ಸೇವೆ ನಿರಾಕರಿಸುವಂತಿಲ್ಲ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ ಹಾಗೂ 1989ರ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಅಧಿನಿಯಮದಡಿ ಇದು ಶಿಕ್ಷಾರ್ಹ ಅಪರಾಧ. ಈ ವಿಷಯವು ಕಾನೂನಿನ ಪುಸ್ತಕಕ್ಕೆ ಮಾತ್ರ ಸೀಮಿತವಲ್ಲ. ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳ ಗ್ರಾಮದಲ್ಲಿ 2024ರ ಆಗಸ್ಟ್ ತಿಂಗಳಿನಲ್ಲಿ ಕ್ಷೌರದ ವಿಷಯದಲ್ಲಿ ಉಂಟಾದ ಜಗಳದಲ್ಲಿ ಪರಿಶಿಷ್ಟ ಜಾತಿಯ ಯುವಕನೊಬ್ಬ ಪ್ರಾಣ ಕಳೆದುಕೊಂಡನು. ಇದರ ಮತ್ತೊಂದು ಮುಖವೂ ಉಂಟು. ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದಲ್ಲಿ 2020ರಲ್ಲಿ, ಪರಿಶಿಷ್ಟರಿಗೂ ಕ್ಷೌರ ಮಾಡಿದ ಕಾರಣಕ್ಕೆ ತಮ್ಮ ಕುಟುಂಬಕ್ಕೆ ದಂಡ ಮತ್ತು ಬಹಿಷ್ಕಾರ ವಿಧಿಸಲಾಗಿದೆಯೆಂದು ಕ್ಷೌರಿಕರೊಬ್ಬರು ದೂರಿದ್ದರು. ಎಲ್ಲರಿಗೂ ಸೇವೆ ನೀಡುವವರ ಮೇಲೆ ಒತ್ತಡ ಹೇರುವುದೂ, ಬಹಿಷ್ಕಾರ ಹಾಕುವುದೂ ಅಪರಾಧವೇ. ಇಂತಹ ಸಂದರ್ಭದಲ್ಲಿ ಗ್ರಾಹಕರಾಗಲೀ ಸೇವಾದಾರರಾಗಲೀ ಪೊಲೀಸ್ ಠಾಣೆ ಅಥವಾ ಸಹಾಯವಾಣಿ 14566ನ್ನು ಸಂಪರ್ಕಿಸಬಹುದು.

ಎಚ್‌ಐವಿ ಸೋಂಕಿತರಿಗೆ ಸೇವೆ ನಿರಾಕರಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು ನಿಷೇಧಿಸಿದೆ. ಎಲ್ಲರಿಗೂ ಹೊಸ ಬ್ಲೇಡು ಬಳಸುವ ಅಂಗಡಿಯಲ್ಲಿ ನಿರಾಕರಣೆಗೆ ಕಾರಣವೇ ಇರುವುದಿಲ್ಲ. ಅಂಗವಿಕಲರು ಮತ್ತು ಹಿರಿಯ ನಾಗರಿಕರು ಹತ್ತಲು ಅನುಕೂಲವಾಗುವಂತೆ ಬಾಗಿಲಲ್ಲಿ ಇಳಿಜಾರು ಅಥವಾ ಹಿಡಿಕಂಬಿ ಒದಗಿಸುವುದು ಅಪೇಕ್ಷಣೀಯ.

ಮಹಿಳೆಯರ ಸೌಂದರ್ಯ ಸೇವೆಯ ಕೋಣೆಗೆ ಪರದೆ ಮತ್ತು ಒಳಗಿನಿಂದ ಹಾಕುವ ಚಿಲಕ ಇರಬೇಕು. ಸೇವಾ ಕೋಣೆಯಲ್ಲಿ ಕ್ಯಾಮೆರಾ ಅಳವಡಿಸುವಂತಿಲ್ಲ. ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯ ಚಿತ್ರ ತೆಗೆಯುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಅಲಂಕಾರದ ಛಾಯಾಚಿತ್ರವನ್ನು ಪ್ರಚಾರಕ್ಕೆ ಬಳಸುವುದಾದರೂ ಗ್ರಾಹಕರ ಒಪ್ಪಿಗೆ ಪಡೆಯಬೇಕು.

5. ಪರವಾನಗಿ ಮತ್ತು ದಾಖಲೆಗಳ ಮಹತ್ವ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಅಂಗಡಿ ನಡೆಸುವವರು ಪಂಚಾಯಿತಿಯಿಂದಲೂ, ಸೊರಬ ಹಾಗೂ ಶಿಕಾರಿಪುರದಂತಹ ಪಟ್ಟಣಗಳಲ್ಲಿ ನಡೆಸುವವರು ಅಲ್ಲಿನ ಸ್ಥಳೀಯ ಸಂಸ್ಥೆಯಿಂದಲೂ ವ್ಯಾಪಾರ ಪರವಾನಗಿ ಪಡೆಯಬೇಕು. ನಾಮಫಲಕದಲ್ಲಿ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು.

ದಾಖಲೆಯ ಬೆಲೆ ಕಷ್ಟಕಾಲದಲ್ಲಿ ತಿಳಿಯುತ್ತದೆ. ಕೋವಿಡ್ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದ್ದಾಗ, 2020ರ ಮೇ 6ರಂದು ರಾಜ್ಯ ಸರ್ಕಾರವು ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿಗಳ ಒಂದು ಬಾರಿಯ ಪರಿಹಾರವನ್ನು ಪ್ರಕಟಿಸಿತು. ಸೇವಾ ಸಿಂಧು ಪೋರ್ಟಲ್ ಮೂಲಕ ಅರ್ಜಿ ಪಡೆದ ಇಂತಹ ನೆರವಿಗೆ, ಅರ್ಜಿದಾರರು ಅದೇ ವೃತ್ತಿಯಲ್ಲಿದ್ದಾರೆಂಬುದು ದೃಢಪಡಬೇಕಾಗುತ್ತದೆ. ಪರವಾನಗಿ ಮತ್ತು ಬ್ಯಾಂಕ್ ಖಾತೆಯನ್ನು ಸರಿಯಾಗಿಟ್ಟುಕೊಂಡವರಿಗೆ ಅಲೆದಾಟ ಕಡಿಮೆ.

6. ತರಬೇತಿ ಮತ್ತು ಆರ್ಥಿಕ ನೆರವು

ಅ) ಪಿ.ಎಂ. ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಕೇಂದ್ರ ಯೋಜನೆಯ 18 ವೃತ್ತಿಗಳಲ್ಲಿ ಕ್ಷೌರಿಕ ವೃತ್ತಿಯೂ ಸೇರಿದ್ದು, ಯೋಜನೆಯ ಅವಧಿ 2027-28ರವರೆಗೆ ಇದೆ. ಸೌಲಭ್ಯಗಳು ಈ ಕೆಳಕಂಡಂತಿವೆ.

- ಗುರುತಿನ ಚೀಟಿ ಮತ್ತು ಪ್ರಮಾಣ ಪತ್ರ.
- 5 ರಿಂದ 7 ದಿನಗಳ ಮೂಲ ತರಬೇತಿ ಹಾಗೂ 15 ದಿನ ಅಥವಾ ಹೆಚ್ಚಿನ ಉನ್ನತ ತರಬೇತಿ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ.
- ಉಪಕರಣಗಳಿಗಾಗಿ 15,000 ರೂಪಾಯಿಗಳ ವೋಚರ್.
- ಶೇ. 5ರ ಬಡ್ಡಿಯಲ್ಲಿ ಅಡಮಾನರಹಿತ ಸಾಲ. ಮೊದಲ ಕಂತು 1 ಲಕ್ಷ ರೂಪಾಯಿವರೆಗೆ 18 ತಿಂಗಳಿಗೆ, ಎರಡನೆಯ ಕಂತು 2 ಲಕ್ಷ ರೂಪಾಯಿವರೆಗೆ 30 ತಿಂಗಳಿಗೆ.

ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳನ್ನೊಳಗೊಂಡ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ.

ಆ) ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ: 2008ರಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ಹೊಸ ಸೇವಾ ಘಟಕಗಳ ಯೋಜನಾ ವೆಚ್ಚದ ಮಿತಿಯನ್ನು 2022ರಲ್ಲಿ 10 ಲಕ್ಷದಿಂದ 20 ಲಕ್ಷ ರೂಪಾಯಿಗೆ ಹೆಚ್ಚಿಸಲಾಯಿತು. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗ ಮುಂತಾದ ವಿಶೇಷ ವರ್ಗಕ್ಕೆ ಶೇ. 35ರ ಸಹಾಯಧನ ನಿಗದಿಯಾಗಿದೆ. ಅರ್ಜಿ ಸಲ್ಲಿಸುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆ ವರ್ಷದ ಗುರಿ ಮತ್ತು ಷರತ್ತುಗಳನ್ನು ವಿಚಾರಿಸಬೇಕು.

ಇ) ಉದ್ಯೋಗಿನಿ ಯೋಜನೆ: ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಈ ಯೋಜನೆಯಡಿ ಬ್ಯೂಟಿ ಪಾರ್ಲರ್‌ನಂತಹ ಕಿರು ಉದ್ಯಮ ಆರಂಭಿಸುವ ಮಹಿಳೆಯರಿಗೆ ಬ್ಯಾಂಕ್ ಸಾಲ ಮತ್ತು ಸಹಾಯಧನ ದೊರೆಯುತ್ತದೆ. ವಿವರಗಳಿಗೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬೇಕು.

ಈ) ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ: 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ರೂಪುಗೊಂಡ ಈ ಸಂಸ್ಥೆಗಳು ಬ್ಯೂಟಿ ಪಾರ್ಲರ್ ನಿರ್ವಹಣೆಯ ತರಬೇತಿಯನ್ನು ಊಟ, ವಸತಿ ಸಹಿತ ಉಚಿತವಾಗಿ ನೀಡುತ್ತವೆ.

7. ಅರ್ಜಿ ಸಲ್ಲಿಸುವ ವಿಧಾನ

ಪಿ.ಎಂ. ವಿಶ್ವಕರ್ಮ ಯೋಜನೆಗೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ನೀಡಿ ನೋಂದಾಯಿಸಬೇಕು. ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಬ್ಯಾಂಕ್ ಪಾಸ್ ಪುಸ್ತಕ ಮತ್ತು ಪಡಿತರ ಚೀಟಿಯನ್ನು ಜೊತೆಗೆ ಒಯ್ಯಬೇಕು. ಅರ್ಜಿಯನ್ನು ಮೊದಲು ಗ್ರಾಮ ಪಂಚಾಯಿತಿ, ಬಳಿಕ ಜಿಲ್ಲಾ ಸಮಿತಿ, ಕೊನೆಗೆ ಪರಿಶೀಲನಾ ಸಮಿತಿ ಹೀಗೆ ಮೂರು ಹಂತಗಳಲ್ಲಿ ಪರಿಶೀಲಿಸಲಾಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಅಗತ್ಯವಿರುವ ಇತರ ಯೋಜನೆಗಳಿಗೆ ಹೋಬಳಿಯ ನಾಡಕಚೇರಿಯಲ್ಲಿ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು. ಸಕಾಲ ಸೇವೆಗಳ ಅರ್ಜಿಗೆ ನೀಡುವ ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸಿಕೊಂಡಲ್ಲಿ ವಿಳಂಬವಾದಾಗ ಮೇಲ್ಮನವಿ ಸಲ್ಲಿಸಬಹುದು.

ವಿಶೇಷ ಸೂಚನೆ: ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ ಚನ್ನಬಸವಣ್ಣನವರ ಕ್ಷೇತ್ರವಾದ ಉಳವಿಯೂ ಇರುವುದರಿಂದ, ಅರ್ಜಿಯಲ್ಲಿ ಗ್ರಾಮದ ಹೆಸರಿನೊಡನೆ ಸೊರಬ ತಾಲ್ಲೂಕು, ಶಿವಮೊಗ್ಗ ಜಿಲ್ಲೆ ಎಂದು ತಪ್ಪದೆ ನಮೂದಿಸಬೇಕು.

8. ಗ್ರಾಹಕರು ದೂರು ನೀಡುವ ಬಗೆ

ಹಣ ಕೊಟ್ಟು ಪಡೆದ ಕ್ಷೌರ ಮತ್ತು ಸೌಂದರ್ಯ ಸೇವೆಗಳು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಲೋಪ ಕಂಡುಬಂದಲ್ಲಿ ಮೊದಲು ಅಂಗಡಿಯವರಿಗೇ ತಿಳಿಸಿ ಸರಿಪಡಿಸಲು ಅವಕಾಶ ನೀಡುವುದು ಇಬ್ಬರಿಗೂ ಒಳಿತು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಅಥವಾ 2 ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿಲ್ಲ.

ದೂರಿಗೆ ಸಾಕ್ಷ್ಯ ಅತ್ಯವಶ್ಯಕ. ದೆಹಲಿಯಲ್ಲಿ 2018ರಲ್ಲಿ ನಡೆದ ತಪ್ಪು ಕೇಶ ಕತ್ತರಿಕೆಯ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಆಯೋಗವು 2021ರಲ್ಲಿ 2 ಕೋಟಿ ರೂಪಾಯಿ ಪರಿಹಾರ ಆದೇಶಿಸಿತು. ಸೇವೆಯಲ್ಲಿ ನ್ಯೂನತೆ ಇತ್ತೆಂಬ ತೀರ್ಮಾನದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಫೆಬ್ರವರಿಯಲ್ಲಿ ಹಸ್ತಕ್ಷೇಪ ಮಾಡಲಿಲ್ಲವಾದರೂ, ನಷ್ಟಕ್ಕೆ ಸಾಕಷ್ಟು ಪುರಾವೆ ಇಲ್ಲದೆ ಅಷ್ಟು ಮೊತ್ತ ನಿಗದಿಪಡಿಸಲಾಗದೆಂದು ಆ ಆದೇಶವನ್ನು ಬದಿಗಿರಿಸಿತು. ಆದ್ದರಿಂದ ರಸೀದಿ ಅಥವಾ ಮೊಬೈಲ್ ಪಾವತಿಯ ದಾಖಲೆ, ಗಾಯದ ಛಾಯಾಚಿತ್ರ, ವೈದ್ಯರ ಚೀಟಿ ಮತ್ತು ಔಷಧಿಯ ಬಿಲ್ಲುಗಳನ್ನು ಜೋಪಾನವಾಗಿಡಬೇಕು.

9. ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹೊಸ ಬ್ಲೇಡು ಹಾಕುವಂತೆ ಗ್ರಾಹಕರು ಕೇಳಬಹುದೇ?
ಉತ್ತರ: ಕೇಳಬಹುದು, ಕೇಳಲೇಬೇಕು. ಇದನ್ನು ಸೇವಾದಾರರು ಅಪನಂಬಿಕೆಯೆಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ: ಕ್ಷೌರದ ವೇಳೆ ಗಾಯವಾದರೆ ಏನು ಮಾಡಬೇಕು?
ಉತ್ತರ: ಸೋಪು ನೀರಿನಿಂದ ತೊಳೆದು, ಶುಚಿಯಾದ ಹತ್ತಿಯಿಂದ ಒತ್ತಿ ಹಿಡಿದು, ಪಟ್ಟಿ ಹಾಕಬೇಕು. ಆ ಬ್ಲೇಡನ್ನು ಕೂಡಲೇ ತ್ಯಜಿಸಬೇಕು. ಬ್ಲೇಡು ಹಳೆಯದೆಂಬ ಅನುಮಾನವಿದ್ದಲ್ಲಿ ಅದೇ ದಿನ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ಮನೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವವರು ಪಿ.ಎಂ. ವಿಶ್ವಕರ್ಮ ಯೋಜನೆಗೆ ಅರ್ಹರೇ?
ಉತ್ತರ: ಪಟ್ಟಿಯಲ್ಲಿರುವುದು ಕ್ಷೌರಿಕ ವೃತ್ತಿ. ಸೌಂದರ್ಯ ಸೇವೆಯನ್ನಷ್ಟೇ ನೀಡುವವರು ಮೇಲಿನ ಆ, ಇ ಮತ್ತು ಈ ಯೋಜನೆಗಳನ್ನು ಪರಿಶೀಲಿಸುವುದು ಸೂಕ್ತ.

ಪ್ರಶ್ನೆ: ಈ ಕ್ರಮಗಳಿಗೆ ಹೆಚ್ಚು ಖರ್ಚಾಗುವುದಿಲ್ಲವೇ?
ಉತ್ತರ: ಮೇಲೆ ಹೇಳಿದ ಕ್ರಮಗಳಲ್ಲಿ ಬಹುತೇಕವು ಕುದಿಯುವ ನೀರು, ಸೋಪು, ಹತ್ತಿ ಮತ್ತು ಒಂದು ನೋಟ್ ಪುಸ್ತಕದಿಂದ ಸಾಧ್ಯ. ಹೆಚ್ಚುವರಿ ಕತ್ತರಿ, ಟವೆಲ್‌ಗಳಂತಹ ಖರ್ಚಿಗೆ ಮೇಲ್ಕಂಡ ಯೋಜನೆಗಳ ನೆರವನ್ನು ಪಡೆಯಬಹುದು.

ಒಂದು ಅಂಗಡಿಯ ಶುಚಿತ್ವದ ಮಾತು ಹತ್ತು ಊರಿಗೆ ಹರಡುವ ಹೋಬಳಿ ಕೇಂದ್ರದಲ್ಲಿ ಉತ್ತಮ ಸೇವೆಗಿಂತ ದೊಡ್ಡ ಜಾಹೀರಾತು ಇಲ್ಲ. ಉಳವಿ ಹಾಗೂ ಸುತ್ತಮುತ್ತಲಿನ ಗ್ರಾಮಗಳ ಸೇವಾದಾರರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಬೇಕಾಗಿಯೂ, ಗ್ರಾಹಕರು ತಮ್ಮ ಹಕ್ಕು ಮತ್ತು ಹೊಣೆಗಳನ್ನು ಅರಿತು ಸಹಕರಿಸಬೇಕಾಗಿಯೂ ಕೋರಲಾಗಿದೆ.